ಹರಮುಖದ ದಾರಿಯ ಹೊರೆ

ಶಿತ್ಕಡಿಯಲ್ಲಿ ತೂಕದ ಕೊಕ್ಕೆಗೆ ನನ್ನ ಬ್ಯಾಗು ನೇತುಹಾಕಿದಾಗ ಮುಳ್ಳು ಹದಿಮೂರು ಕಿಲೋ ದಾಟಿ ನಿಂತಿತು. ಗುಡಾರ, ಗ್ಯಾಸು, ಅಡುಗೆ ಪಾತ್ರೆ ಎರಡು ಕುದುರೆಗಳ ಪಾಲಿಗೆ. ಬಟ್ಟೆ, ಸ್ಲೀಪಿಂಗ್ ಬ್ಯಾಗು, ನೀರು, ತಿಂಡಿ ಅವರವರ ಬೆನ್ನಿಗೆ ಎಂದು ಐವರೂ ಊರಲ್ಲೇ ಮಾತಾಡಿಕೊಂಡಿದ್ದೆವು. ನಾವೆಲ್ಲ ಬಸವಕಲ್ಯಾಣದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಕಾಶ್ಮೀರಕ್ಕೇ ಯಾಕೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರ ಸಿದ್ಧವಿತ್ತು: ಮೋಳಿಗೆ ಮಾರಯ್ಯ ಅಲ್ಲಿಂದ ಬಂದವನು.

ಮಾಂಡವ್ಯಪುರದ ಅರಸು ಕಲ್ಯಾಣದ ಸುದ್ದಿ ಕೇಳಿ ರಾಜ್ಯ ಬಿಟ್ಟ, ಮಡದಿಯೊಂದಿಗೆ ನಡೆದು ಬಂದ, ಸೌದೆ ಮಾರಿ ಜಂಗಮ ದಾಸೋಹ ನಡೆಸಿದ ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಕಥೆ. ಮೋಳಿಗೆ ಎಂದರೆ ಸೌದೆಯ ಹೊರೆ. ಚರಿತ್ರೆಕಾರರು ಅದನ್ನು ಪರಂಪರೆಯ ಮಾತು ಎನ್ನಬಹುದು. ಆದರೆ ಬಿಲ್ಹಣನ ಬಗ್ಗೆ ಅನುಮಾನವಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರ ಬಿಟ್ಟು, ಇದೇ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿ, ವಿಕ್ರಮಾಂಕದೇವಚರಿತ ಬರೆದವನು ಅವನು. ಅಂದರೆ ಆ ದಾರಿ ಇತ್ತು, ಜನ ನಡೆದಿದ್ದರು.

ಆಗಸ್ಟ್ ಮೊದಲ ವಾರ. ಊರಲ್ಲಿ ಮಳೆ ಹಿಡಿದಿತ್ತು, ಇಲ್ಲಿ ಬಿಸಿಲು. ಪೀರ್ ಪಂಜಾಲ್ ಸಾಲು ಮುಂಗಾರಿನ ಬಹುಪಾಲನ್ನು ಆಚೆಯೇ ತಡೆದು ನಿಲ್ಲಿಸುವುದರಿಂದ, ಹಿಮಾಲಯದ ಬೇರೆಡೆ ದಾರಿ ಜಾರುವ ತಿಂಗಳಲ್ಲೂ ನಾವು ಹಿಡಿದ ಎತ್ತರದ ಕೊಳಗಳ ಹಾದಿ ತೆರೆದಿರುತ್ತದೆ. ಸೋನಮಾರ್ಗದ ಮಗ್ಗುಲಿನ ಶಿತ್ಕಡಿಯಿಂದ ಹೊರಟು ಏಳು ದಿನ, ಎಪ್ಪತ್ತು ಕಿಲೋಮೀಟರಿನಷ್ಟು ನಡೆದು ನಾರಾನಾಗದಲ್ಲಿ ಇಳಿಯಬೇಕು. ನಮ್ಮನ್ನು ಕರೆದೊಯ್ದವರು ಕಂಗನ್ ಕಡೆಯ ಹಿರಿಯರು, ನಾವು ಚಾಚಾ ಎನ್ನುತ್ತಿದ್ದೆವು. ಅವರು ಮೊದಲ ದಿನ ಹೇಳಿದ್ದು ಒಂದೇ ಮಾತು: "ಉಸಿರು ಮುಂದೆ ಹೋಗಲಿ, ಕಾಲು ಹಿಂದೆ ಬರಲಿ."

ಪೈನ್ ಕಾಡು ಮುಗಿದ ಮೇಲೆ ಭೂರ್ಜದ ಮರಗಳು ಬಂದವು. ಎತ್ತರದಲ್ಲಿ ಕೊನೆಯದಾಗಿ ಸಿಗುವ ಮರ ಅದೇ, ಆಮೇಲೆ ಬರೀ ಹುಲ್ಲು ಮತ್ತು ಕಲ್ಲು. ಬಿದ್ದ ಕೊಂಬೆಯೊಂದರಿಂದ ಸಿಪ್ಪೆ ತಾನಾಗಿ ಸುಲಿದು ಸುರುಳಿ ಸುತ್ತಿತ್ತು. ಬಿಡಿಸಿ ನೋಡಿದೆ. ಈರುಳ್ಳಿಯ ಪದರಿಗಿಂತ ತೆಳು, ಒಳಮೈ ತಿಳಿಗುಲಾಬಿ, ಉದ್ದಕ್ಕೂ ಸಣ್ಣ ಸಣ್ಣ ಅಡ್ಡಗೀರು, ಯಾರೋ ಬರೆಯಲು ಸಾಲು ಎಳೆದಿಟ್ಟ ಹಾಗೆ. ಕಾಶ್ಮೀರ ಶತಮಾನಗಳ ಕಾಲ ತನ್ನ ಶಾಸ್ತ್ರ, ಕಾವ್ಯಗಳನ್ನು ಬರೆದಿಟ್ಟುಕೊಂಡಿದ್ದು ಇದರ ಮೇಲೆ. ನಮ್ಮ ವಚನಗಳಿಗೆ ತಾಳೆಗರಿ ಸಿಕ್ಕಿತು. ಸಿಪ್ಪೆಯನ್ನು ಅಲ್ಲೇ ಇಟ್ಟು ಎದ್ದೆ.

ಎರಡನೆಯ ದಿನ ನಿಚ್ನೈ ಕಣಿವೆಮಾರ್ಗ, ನಾಲ್ಕು ಸಾವಿರ ಮೀಟರಿಗಿಂತ ತುಸು ಮೇಲೆ. ಆಚೆ ಇಳಿದರೆ ವಿಶನ್‌ಸರ್. ಸಂಜೆ ನಮ್ಮಲ್ಲೊಬ್ಬನಿಗೆ ತಲೆಶೂಲೆ ಹಿಡಿದು, ಉಂಡದ್ದು ನಿಲ್ಲಲಿಲ್ಲ. ಚಾಚಾ ಮರುಮಾತಿಲ್ಲದೆ ಮರುದಿನದ ನಡಿಗೆ ನಿಲ್ಲಿಸಿದರು. ಮೇಲೆ ಹತ್ತುವ ಅವಸರದಲ್ಲಿ ದೇಹ ಹೇಳುವುದನ್ನು ಕೇಳದೆ ಹೋದವರನ್ನು ಅವರು ಕುದುರೆಯ ಮೇಲೆ ಇಳಿಸಿಕೊಂಡು ಬಂದವರಂತೆ. ಆ ಒಂದು ದಿನ ನಮಗೆ ಸಿಕ್ಕ ವರ. ಕೊಳದ ನೀರು ಬೆಳಿಗ್ಗೆ ಸೀಸದ ಬಣ್ಣ, ಹತ್ತು ಗಂಟೆಗೆ ನವಿಲುಗೊರಳು, ಮೋಡ ಬಂದರೆ ಕಪ್ಪು. ಈ ಕೊಳ ಮತ್ತು ಮೇಲಿನ ಕಿಶನ್‌ಸರ್ ಸೇರಿ ಕಿಶನ್‌ಗಂಗೆಗೆ ಹುಟ್ಟು ಕೊಡುತ್ತವೆ. ಆ ನದಿ ಗಡಿರೇಖೆ ದಾಟಿ ನೀಲಂ ಎಂದು ಹೆಸರು ಬದಲಿಸಿಕೊಂಡು ಮುಜಫ್ಫರಾಬಾದಿನಲ್ಲಿ ಝೇಲಂ ಸೇರುತ್ತದೆ.

ಆ ಎತ್ತರದಲ್ಲಿ ನೀರು ಎಂಬತ್ತೆಂಟು ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯದು. ನಮ್ಮ ಗೊಜ್ಜವಲಕ್ಕಿಗೆ ಆ ತೊಂದರೆ ಇರಲಿಲ್ಲ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಹತ್ತು ನಿಮಿಷ. ಶೇಂಗಾ ಚಟ್ನಿಪುಡಿ ಉದುರಿಸಿ ಕೊಟ್ಟಾಗ ಚಾಚಾ ಎರಡನೆಯ ಸಲ ತಟ್ಟೆ ಚಾಚಿದರು.

ಗಡ್‌ಸರ್ ಮಾರ್ಗ ಈ ದಾರಿಯ ಅತಿ ಎತ್ತರದ ಜಾಗ, ಸುಮಾರು 4,200 ಮೀಟರ್. ಹತ್ತುವಾಗ ಹಿಂತಿರುಗಿದರೆ ಎರಡೂ ಕೊಳ ಒಂದೇ ನೋಟಕ್ಕೆ ಸಿಗುತ್ತವೆ. ನಾನು ಮೂವತ್ತು ಹೆಜ್ಜೆ ಎಣಿಸಿ ನಿಲ್ಲುತ್ತಿದ್ದೆ, ಮತ್ತೆ ಮೂವತ್ತು. ಬ್ಯಾಗಿನ ಪಟ್ಟಿ ಭುಜದಲ್ಲಿ ಎರಡು ಕೆಂಪು ಬಾಸುಂಡೆ ಎಬ್ಬಿಸಿತ್ತು. ಆಚೆ ಇಳಿಜಾರಿನ ತುಂಬ ಹೂ. ಹಳದಿ, ನೇರಳೆ, ನಡುನಡುವೆ ಮೊಣಕಾಲೆತ್ತರದ ನೀಲಿ ತೆನೆಗಳು. ಮಾರ್ಮಟ್‌ಗಳು ಬಿಲದ ಬಾಯಲ್ಲಿ ನಿಂತು ಸೀಟಿ ಹೊಡೆದು ಒಳಗೆ ಜಾರುತ್ತಿದ್ದವು. ಮರುದಿನ ಸೇನಾ ಠಾಣೆಯಲ್ಲಿ ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಿ ಹೊರಟೆವು.

ಅಂದೇ ಮಧ್ಯಾಹ್ನ ಆಲಿಕಲ್ಲು ಬಿತ್ತು. ಓಡಿ ಹೊಕ್ಕಿದ್ದು ಬಕರ್‌ವಾಲ ಕುಟುಂಬವೊಂದರ ಢೋಕಿಗೆ. ಕಲ್ಲು, ಮರದ ದಿಮ್ಮಿ, ಮೇಲೆ ಮಣ್ಣು ಮುಚ್ಚಿದ ಗುಡಿಸಲು. ಇವರು ಪ್ರತಿ ವಸಂತದಲ್ಲಿ ಜಮ್ಮುವಿನ ತಗ್ಗುಸೀಮೆಯಿಂದ ಕುರಿ, ಮೇಕೆ, ಕುದುರೆ, ಮಕ್ಕಳು, ಪಾತ್ರೆಗಳ ಸಮೇತ ನಡೆದು ಮೇಲೆ ಬಂದು, ಚಳಿ ಶುರುವಾಗುವ ಹೊತ್ತಿಗೆ ಅದೇ ದಾರಿಯಲ್ಲಿ ಇಳಿಯುವವರು. ನಮ್ಮ ಏಳು ದಿನ ಅವರಿಗೆ ಲೆಕ್ಕಕ್ಕೇ ಇಲ್ಲ. ಮನೆಯೊಡತಿ ಒಲೆ ಕೆದಕಿ ಮೆಕ್ಕೆಜೋಳದ ರೊಟ್ಟಿ ತಟ್ಟಿದಳು. ಎರಡು ಅಂಗೈ ನಡುವೆ ರೊಟ್ಟಿ ತಿರುಗುವ ಆ ಸದ್ದು ನಮ್ಮೂರ ಜೋಳದ ರೊಟ್ಟಿಯದೇ. ಉಪ್ಪು ಹಾಕಿದ ಗುಲಾಬಿ ಚಹಾ ಬಂತು. ಮೂಲೆಯಲ್ಲಿ ಆಗಷ್ಟೇ ಹುಟ್ಟಿದ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಟ್ಟಿದ್ದರು.

ಹೊರಡುವಾಗ ನಮ್ಮವನೊಬ್ಬ ಐನೂರರ ನೋಟು ಮಡಚಿ ಬಟ್ಟಲಿನ ಕೆಳಗೆ ಇಟ್ಟ. ನಾವು ಹಳ್ಳ ದಾಟಿ ಅರ್ಧ ಮೈಲಿ ಬಂದಿದ್ದೆವು. ಹಿಂದಿನಿಂದ ಕೂಗು. ಹತ್ತು ವರ್ಷದ ಹುಡುಗ ಒದ್ದೆ ಕಲ್ಲುಗಳ ಮೇಲೆ ಹಾರುತ್ತ ಬಂದು ನೋಟನ್ನು ಗೆಳೆಯನ ಕೈಗಿಟ್ಟು, "ನೀವು ಬಿಟ್ಟುಹೋದದ್ದು ಅಂತ ಅಮ್ಮ ಕೊಟ್ಟಳು" ಎಂದ. ಏದುಸಿರಲ್ಲೂ ನಕ್ಕು ಹಾಗೇ ತಿರುಗಿ ಓಡಿದ.

ಬಹಳ ದೂರ ಯಾರೂ ಮಾತಾಡಲಿಲ್ಲ. ಮಾರಯ್ಯನ ಮನೆಯಲ್ಲಿ ಅಂಬಲಿ ಕುಡಿದ ಬಸವಣ್ಣನವರು ಯಾರಿಗೂ ತಿಳಿಯದಂತೆ ಹೊನ್ನು ಇಟ್ಟು ಬಂದ ಕಥೆ, ಅದಕ್ಕೆ ಮಾರಯ್ಯ ದಂಪತಿಗಳು ನೊಂದ ಕಥೆ ಐವರಿಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಪುರಾಣ ಹೇಳುವಾಗ ಕೇಳಿದ್ದು. ಆ ರಾತ್ರಿ ಸತ್ಸರ್‌ನ ಗುಡಾರದಲ್ಲಿ ನೋಟು ಇಟ್ಟವನೇ ಆ ಕಥೆಯನ್ನು ಚಾಚಾರಿಗೆ ಹಿಂದಿಯಲ್ಲಿ ಹೇಳಿದ. ಚಾಚಾ ಪೂರ್ತಿ ಕೇಳಿ, "ಆ ಅರಸ ನಮ್ಮವನು ಅಂದೆಯಲ್ಲ, ಇನ್ನೇನು ಮಾಡುತ್ತಾನೆ?" ಎಂದರು.

ಆರನೆಯ ಸಂಜೆ ಗಂಗಾಬಲ್. ನೀರಿನಾಚೆ ಹರಮುಖ, 5,142 ಮೀಟರ್, ಹೆಗಲ ಮೇಲೆ ಹಿಮನದಿ ಹೊದ್ದು ಕೂತಿದೆ. ಕಾಶ್ಮೀರಿ ಪಂಡಿತರಿಗೆ ಈ ಕೊಳ ಗಂಗೆಯೇ; ಹಿರಿಯರ ಅಸ್ಥಿ ತಂದು ಬಿಡುತ್ತಿದ್ದ ನೀರು. 1856ರಲ್ಲಿ ಸರ್ವೆ ಇಲಾಖೆಯ ಮಾಂಟ್‌ಗೊಮರಿ ಹರಮುಖದ ಮೇಲೆ ನಿಂತು, ಸುಮಾರು ಇನ್ನೂರು ಕಿಲೋಮೀಟರ್ ಆಚೆ ಕಂಡ ಎರಡು ಶಿಖರಗಳನ್ನು ಗೆರೆ ಎಳೆದು ಕೆ1, ಕೆ2 ಎಂದು ಗುರುತು ಹಾಕಿದ. ಜಗತ್ತಿನ ಎರಡನೆಯ ಅತಿ ಎತ್ತರದ ಪರ್ವತ ಇಂದಿಗೂ ಆ ಗುರುತಿನಿಂದಲೇ ಕರೆಸಿಕೊಳ್ಳುತ್ತಿದೆ. ಬೆಳಗಿನ ಜಾವ ಗುಡಾರದ ಬಟ್ಟೆ ಹಿಮಗಟ್ಟಿ ಹಪ್ಪಳದಂತೆ ಸದ್ದು ಮಾಡುತ್ತಿತ್ತು. ಹೊರಗೆ ಬಂದರೆ ಶಿಖರದ ತುದಿಯಲ್ಲಷ್ಟೇ ಬೆಂಕಿ ಬಣ್ಣ. ತಲೆಶೂಲೆ ಬಂದಿದ್ದವನು ಎಲ್ಲರಿಗಿಂತ ಮೊದಲೇ ಎದ್ದು ನಿಂತಿದ್ದ, ಕಣ್ಣು ಒದ್ದೆ.

ನಾರಾನಾಗಕ್ಕೆ ಕಡಿದಾದ ಇಳಿಜಾರು, ಮೊಣಕಾಲು ನಡುಗುತ್ತದೆ. ಕೊನೆಯಲ್ಲಿ ದೇವದಾರುಗಳ ನಡುವೆ ಎಂಟನೆಯ ಶತಮಾನದ ಲಲಿತಾದಿತ್ಯನ ಕಾಲದ ಶಿವಾಲಯಗಳು, ಭೂತೇಶನ ನೆಲೆ. ಚಾವಣಿ ಇಲ್ಲ, ಮೂರ್ತಿ ಇಲ್ಲ. ಪಕ್ಕದ ಕಲ್ಲುಕಟ್ಟೆಯ ಕೊಳದಲ್ಲಿ ಊಟೆ ಮಾತ್ರ ಈಗಲೂ ತಣ್ಣಗೆ ಉಕ್ಕುತ್ತದೆ. ಬ್ಯಾಗು ಇಳಿಸಿ ಮುಖ ತೊಳೆದೆವು.

ಕೆಳಗಿನ ತಿರುವಿನಲ್ಲಿ ಒಬ್ಬ ಅಜ್ಜಿ ಸೌದೆಯ ಹೊರೆಯನ್ನು ಬಂಡೆಗೆ ಆನಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ನಮ್ಮನ್ನು ಕಂಡು ಕೈ ಎತ್ತಿದಳು. ಭಾಷೆ ಬೇಕಿರಲಿಲ್ಲ, ಇಳಿಸಿದ ಹೊರೆ ತಲೆಗೇರಲು ಇನ್ನೊಬ್ಬರು ಬೇಕು ಎಂಬುದು ನಮ್ಮೂರಿನವರಿಗೂ ಗೊತ್ತು. ನಾನು ಒಂದು ಬದಿ, ಗೆಳೆಯ ಒಂದು ಬದಿ ಹಿಡಿದು ಎತ್ತಿದೆವು. ನಮ್ಮ ಎರಡು ಬ್ಯಾಗಿನಷ್ಟು ಭಾರ. ಅವಳು ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಸಿಂಬಿ ಸರಿಪಡಿಸಿಕೊಂಡು, ನಮಗಿಂತ ಬೇಗ ಇಳಿದು ಹೋದಳು.