ಕೇಳಿಸಿಕೊಳ್ಳುವ ವಿದ್ಯೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಯಾರು ಕಟ್ಟಿದರೋ ಏನೋ, ಬೆನ್ನ ಮೇಲೆ ಬಾಸುಂಡೆ ಎದ್ದವಳಂತೂ ಕಟ್ಟಿರಲಿಕ್ಕಿಲ್ಲ. ಜಗಳಕ್ಕೆ ಎರಡು ಬಾಯಿ ಬೇಕು. ಒಬ್ಬರ ಕೈ ಮಾತ್ರ ಮೇಲೇಳುವ ಮನೆಯಲ್ಲಿ ನಡೆಯುವುದು ಜಗಳವಲ್ಲ. ಉಂಡರೂ ಅದು ಮುಗಿಯುವುದಿಲ್ಲ. ಎಷ್ಟೋ ಸಲ ಬಡಿಸಿದ ತಾಟಿನಿಂದಲೇ ಅದು ಶುರುವಾಗುತ್ತದೆ.

ನನ್ನ ತವರು ಗುಡಗೇರಿ. ಕುಂದಗೋಳ ತಾಲೂಕಿನ ಎರೆಹೊಲಗಳ ನಡುವಿನ ಊರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿಯ ಮೇಲಿದೆ. ಸುಗ್ಗಿಯ ಕಾಲಕ್ಕೆ ನಮ್ಮ ಓಣಿಯ ಹೆಂಗಸರು ಪಡಸಾಲೆಯಲ್ಲಿ ಕೂತು ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮನೆಯಲ್ಲಿ ಹೇಳಲಾಗದ ಮಾತು ಅಲ್ಲಿ ಹೊರಬರುತ್ತಿತ್ತು. ಕಣ್ಣಲ್ಲಿ ನೀರು ಬಂದರೆ ಕಾಯಿಯ ಘಾಟು ಅಂದರಾಯಿತು! ಹಿರಿಯಳೊಬ್ಬಳು ಸೆರಗಿನಿಂದ ಅವಳ ಕಣ್ಣೊರೆಸಿ, “ಹೊಂದಿಕೊಂಡು ಹೋಗವ್ವಾ, ಮಕ್ಕಳ ಮಾರಿ ನೋಡಿ ಸೈರಿಸು” ಅನ್ನುತ್ತಿದ್ದಳು. ಇನ್ನೊಬ್ಬಳು, “ನೀನೂ ಎದುರು ಮಾತಾಡಿರಬೇಕು ಬಿಡು” ಅನ್ನುತ್ತಿದ್ದಳು.

ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಹೆಣ್ಣಿಗೆ ಹೋಗಲು ಬೇರೆ ಠಾವೇ ಇಲ್ಲದಾಗ, ಇದ್ದಲ್ಲೇ ಬದುಕಿಸುವ ಮಾತಷ್ಟೇ ಅವರಿಗೆ ಗೊತ್ತಿತ್ತು. ಆದರೆ ಆ ಮಾತು ಕೇಳಿದವಳು ಎದ್ದು ಹೋಗುತ್ತಿದ್ದದ್ದು ಅದೇ ಮನೆಗೆ. ಮುಂದಿನ ಸಲ ಅವಳು ಬಾಯಿ ಬಿಡುತ್ತಿರಲಿಲ್ಲ.

ಅದೇ ಓಣಿಯಲ್ಲಿ ಒಬ್ಬ ಸೂಲಗಿತ್ತಿ ಅಜ್ಜಿ ಇದ್ದಳು. ಅರ್ಧ ಊರು ಅವಳ ಕೈಯಲ್ಲೇ ಕಣ್ಣು ಬಿಟ್ಟದ್ದು. ಸರಕಾರ ಸೂಲಗಿತ್ತಿಯರಿಗೆ ತರಬೇತಿ ಕೊಡಲು ಕರೆದಾಗ ಅವಳು ನಕ್ಕಳು: “ನನಗೇನು ಕಲಿಸ್ತಾರವ್ವಾ?” ಹೋಗಿ ಬಂದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಬಾಣಂತಿಯನ್ನು ಮುಟ್ಟಲಿಲ್ಲ, ಹೊಸ ಬ್ಲೇಡಿಲ್ಲದೆ ಹುರಿ ಕತ್ತರಿಸಲಿಲ್ಲ. ಅವಳ ಅಂತಃಕರಣ ಮೊದಲೂ ಇತ್ತು, ಆಮೇಲೂ ಇತ್ತು. ತರಬೇತಿ ಕೊಟ್ಟದ್ದು ಅಂತಃಕರಣವನ್ನಲ್ಲ, ತೊಳೆದ ಕೈಯನ್ನು.

ನೊಂದ ಹೆಣ್ಣನ್ನು ಸಂತೈಸಲಿಕ್ಕೂ ಇಂಥ ತೊಳೆದ ಕೈ ಬೇಕು ಎಂದು ನನಗೆ ಅನಿಸಿದ್ದು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಒಂದು ತರಬೇತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತಾಗ. ಕಲಿಸುವಾಕೆ ಇಬ್ಬಿಬ್ಬರನ್ನು ಎದುರುಬದುರು ಕೂಡಿಸಿದಳು. ಒಬ್ಬಳು ಐದು ನಿಮಿಷ ತನ್ನ ಕಷ್ಟ ಹೇಳಬೇಕು, ಇನ್ನೊಬ್ಬಳು ಬರಿದೆ ಕೇಳಬೇಕು. ಬುದ್ಧಿವಾದ ಬೇಡ, ‘ನಮ್ಮ ಮನೆಯಲ್ಲೂ ಹಿಂಗೇ’ ಬೇಡ. ಎರಡನೆಯ ನಿಮಿಷಕ್ಕೆ ಕೋಣೆಯ ತುಂಬ ಬುದ್ಧಿವಾದ! ಎಲ್ಲರೂ ನಕ್ಕರು. ಆಮೇಲೆ ಸುಮ್ಮನಾದರು.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಆರೋಗ್ಯ ಕಾರ್ಯಕರ್ತರಿಗಾಗಿ ತಂದ ಕೈಪಿಡಿಯಲ್ಲಿ ಐದು ಮೆಟ್ಟಿಲುಗಳಿವೆ. ಮನಸ್ಸಿಟ್ಟು ಆಲಿಸು. ಅವಳಿಗೆ ಬೇಕಾದ್ದೇನು ಎಂದು ಕೇಳು. ನಿನ್ನನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ ಎಂದು ತಿಳಿಸು. ಅವಳ ಜೀವಕ್ಕೆ ರಕ್ಷಣೆ ಯೋಚಿಸು. ನೆರವು ಸಿಗುವ ಕಡೆ ಜೊತೆ ಮಾಡಿಕೊಡು. ಓದಲಿಕ್ಕೆ ಎಷ್ಟು ಸಲೀಸು! ಆದರೆ ಗಂಡ, ಅತ್ತೆ ಬಾಗಿಲಲ್ಲಿ ನಿಂತಿರುವಾಗ “ಈ ಗಾಯ ಹೇಗಾಯಿತು?” ಎಂದು ಕೇಳಿದರೆ ಅವಳು ಜಾರಿ ಬಿದ್ದೆ ಎಂದೇ ಹೇಳುತ್ತಾಳೆ. ಒಬ್ಬಳೇ ಇದ್ದಾಗ ಕೇಳಬೇಕು. ‘ಇವತ್ತೇ ಬಿಟ್ಟು ಬಾ’ ಎಂದು ಹುರಿದುಂಬಿಸುವುದೂ ಸಲ್ಲದು. ಮನೆ ಬಿಡುವ ಹೊತ್ತೇ ಬಹಳ ಸಲ ಎಲ್ಲಕ್ಕಿಂತ ಅಪಾಯದ ಹೊತ್ತು. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿವೆ, ರಾತ್ರಿ ಓಡಬೇಕಾಗಿ ಬಂದರೆ ಯಾರ ಬಾಗಿಲು ಬಡಿಯುವುದು ಎಂಬುದನ್ನು ಮೊದಲೇ ಮಾತಾಡಿರಬೇಕು. ತೀರ್ಮಾನ ಮಾತ್ರ ಅವಳದೇ.

ಕಾನೂನು ನಮ್ಮಲ್ಲಿ ಇಲ್ಲದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಮನೆ ಯಾರ ಹೆಸರಿನಲ್ಲೇ ಇರಲಿ, ಅವಳಿಗೆ ಅಲ್ಲಿ ವಾಸಿಸುವ ಹಕ್ಕಿದೆ. ನ್ಯಾಯಾಲಯಕ್ಕೆ ಅರ್ಜಿ ತಲುಪಿದರೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಆಗಬೇಕು. ಪೊಲೀಸರಿಗೂ ನ್ಯಾಯಾಧೀಶರಿಗೂ ಆಗಾಗ ತಿಳಿವಳಿಕೆಯ ತರಬೇತಿ ಕೊಡಬೇಕೆಂದು ಅದೇ ಕಾಯ್ದೆಯ 11ನೆಯ ಕಲಮು ಹೇಳುತ್ತದೆ. ಬರೆದವರಿಗೆ ಗೊತ್ತಿತ್ತು, ಕಾಗದವೊಂದೇ ಯಾರನ್ನೂ ಕಾಯುವುದಿಲ್ಲವೆಂದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಲೆಕ್ಕ ನೋಡುವ ಕೈಯೇ ಅವಳ ಕಥೆಯನ್ನೂ ಬರೆದುಕೊಳ್ಳಬೇಕು. ಆ ಘಟನಾ ವರದಿಯಲ್ಲಿ ‘ಸಂಸಾರದ ಸಣ್ಣ ಜಗಳ’ ಎಂದು ಬರೆದರೆ ಒಂದು ಥರ. ಯಾವ ದಿನ, ಯಾವುದರಿಂದ ಹೊಡೆದ, ಯಾರು ನೋಡಿದರು ಎಂದು ಬರೆದರೆ ಇನ್ನೊಂದು ಥರ. ಅವಳ ಮುಂದಿನ ಬದುಕು ಆ ನಾಲ್ಕು ಸಾಲಿನ ಮೇಲೆ ನಿಂತಿರುತ್ತದೆ.

2019-20ರಲ್ಲಿ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ. 44.4ರಷ್ಟು ಜನ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. ಹೊಡೆತ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ? ಇಡೀ ದೇಶದಲ್ಲಿ ಹಿಂಸೆ ಉಂಡವರ ಪೈಕಿ ನೆರವು ಕೇಳಿದವರು ಶೇ. 14 ಮಾತ್ರ. ಉಳಿದವರು ಇನ್ನೂ ಮೆಣಸಿನಕಾಯಿಯ ಘಾಟು ಅನ್ನುತ್ತಿದ್ದಾರೆ.

2022ರ ಮಾರ್ಚಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕೇಂದ್ರ ಸರಕಾರ ಸೇರಿ ‘ಸ್ತ್ರೀ ಮನೋರಕ್ಷಾ’ ಎಂಬ ತರಬೇತಿ ಯೋಜನೆ ಆರಂಭಿಸಿದವು. ದೇಶದ ಸಖಿ ಕೇಂದ್ರಗಳಲ್ಲಿ ದುಡಿಯುವವರಿಗಾಗಿ ಇದು. ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಆಪ್ತಸಲಹೆಗಾರರ ಜೊತೆಗೆ ಅಲ್ಲಿಯ ಕಾವಲುಗಾರ, ಅಡಿಗೆಯವರು, ಸಹಾಯಕಿಯರಿಗೂ ಪಾಠವುಂಟು. ಎಂಥ ವಿವೇಕ ನೋಡಿ! ನಡುರಾತ್ರಿ ಮಗುವನ್ನೆತ್ತಿಕೊಂಡು ಬಂದವಳಿಗೆ ಮೊದಲು ಎದುರಾಗುವವನು ಗೇಟಿನ ಕಾವಲುಗಾರ. “ಏನಮ್ಮ, ಈ ಹೊತ್ತಿನಲ್ಲಿ?” ಎಂದು ಅವನು ಗದರಿದರೆ ಒಳಗಿನ ಪದವೀಧರೆಯ ಓದೆಲ್ಲ ವ್ಯರ್ಥ.

ಆ ಪಾಠದಲ್ಲಿ ಇನ್ನೊಂದು ಅಧ್ಯಾಯವಿದೆ: ಕೇಳುವವಳು ತನ್ನ ಮನಸ್ಸನ್ನು ತಾನು ಕಾಪಾಡಿಕೊಳ್ಳುವುದು. ದಿನವೂ ಇನ್ನೊಬ್ಬರ ನೋವು ಕೇಳಿದವಳ ನಿದ್ದೆಯೂ ಕೆಡುತ್ತದೆ. ನಾನು ಕಂಡ ತರಬೇತಿಯಲ್ಲಿ ಕಾರ್ಯಕರ್ತೆಯೊಬ್ಬಳು ಎದ್ದು, “ಅಕ್ಕಾ, ನಮ್ಮ ಮನೀ ಕಥೀ ಯಾರಿಗೆ ಹೇಳೋದು?” ಎಂದಳು. ಕಲಿಸುವಾಕೆ ಪುಸ್ತಕ ಮುಚ್ಚಿ ಅವಳ ಪಕ್ಕದಲ್ಲಿ ಹೋಗಿ ಕೂತಳು. ಊಟದ ಹೊತ್ತಾಗಿತ್ತು, ಯಾರೂ ಏಳಲಿಲ್ಲ.

ನಾವೆಲ್ಲ ಸಖಿ ಕೇಂದ್ರ ನಡೆಸಲಾರೆವು. ಆದರೆ ನಮ್ಮ ಪಡಸಾಲೆಗೆ, ಟೆರೇಸಿಗೆ, ಭಜನೆ ಮುಗಿದ ಜಗಲಿಗೆ ಒಬ್ಬಳು ಬಂದೇ ಬರುತ್ತಾಳೆ. 181 ಎಂಬ ಮಹಿಳಾ ಸಹಾಯವಾಣಿಯ ಅಂಕಿ ನಮ್ಮ ನಾಲಿಗೆಯ ಮೇಲಿರಲಿ. ಅದಕ್ಕೂ ಮೊದಲು, ಅವಳು ಹೇಳಿ ಮುಗಿಸುವ ತನಕ ನಮ್ಮ ನಾಲಿಗೆ ಸುಮ್ಮನಿರಲಿ.