ಅಪ್ಪನ ಪಂಪಿಗೊಂದು ಡಾಬು

ಭಾನುವಾರ ಬೆಳಗಾಗುವ ಮೊದಲೇ ನಮ್ಮೂರು ಕಳವಾರದಲ್ಲಿ ನಾಯಿಗಳು ಬೊಗಳಲು ಶುರು ಮಾಡುತ್ತವೆ. ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಸಿಕೊಂಡು ಬೆಂಗಳೂರಿನಿಂದ ಸ್ಕಂದಗಿರಿ ಹತ್ತೋಕೆ ಬರುವವರು, ಎಲ್ಲರ ಬೆನ್ನಿಗೂ ಬಣ್ಣದ ಬ್ಯಾಗು. ನಮಗೆ ಅದು ಕಳವಾರ ಬೆಟ್ಟ, ಅಷ್ಟೇ.

ಹೋದ ವರ್ಷ ಆಫೀಸಿನವರ ಜೊತೆ ನಾನೂ ಹೊರಟೆ. ಅದಕ್ಕೇಂತ 40 ಲೀಟರಿನ ಬ್ಯಾಗ್ ಕೊಂಡೆ. ಅಂಗಡಿ ಹುಡುಗ ಹಾಕಿಕೊಳ್ಳೋದು ಹೇಳಿಕೊಟ್ಟ: ಮೊದಲು ಸೊಂಟದ ಪಟ್ಟಿ ಬಿಗಿ ಮಾಡಿ, ಭುಜದ್ದು ಆಮೇಲೆ. ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂತರೆ ಹೆಚ್ಚಿನ ಭಾರ ನೇರ ಕಾಲಿಗೆ ಇಳಿಯುತ್ತೆ. ತೂಕದ ಸಾಮಾನು ಬೆನ್ನಿಗೆ ಅಂಟಿಕೊಂಡಿರಬೇಕು, ಇಲ್ಲಾಂದ್ರೆ ಹಿಂದಕ್ಕೆಳೆಯುತ್ತೆ.

ಹಿಂದಿನ ದಿನವೇ ಊರಿಗೆ ಬಂದಿದ್ದೆ. ಅಪ್ಪ ಟೊಮೇಟೊಗೆ ಔಷಧಿ ಹೊಡೆದು ಬಂದು ಕೂತಿದ್ದರು. ಅಮ್ಮ ಕೊಟ್ಟ ಕಾಫಿ ಲೋಟ ಕೈಯಿಂದ ಜಾರಿತು. "ಏನಿಲ್ಲಮ್ಮ, ಕೈ ಜೋಮು" ಅಂದರು. ಮೂರು ತಿಂಗಳಿಂದ ಹಾಗೇ ಇತ್ತಂತೆ. ಡಾಕ್ಟರು ಭಾರ ಹೊರಬೇಡಿ ಅಂದಿದ್ದನ್ನು ಇಬ್ಬರೂ ನನಗೆ ಹೇಳಿರಲೇ ಇಲ್ಲ.

ಪಂಪು ಎತ್ತಿ ನೋಡಿದೆ. 16 ಲೀಟರಿನದು. ನೀರೇ 16 ಕೆ.ಜಿ., ಪಂಪಿನ ತೂಕ ಬೇರೆ. ಭುಜಕ್ಕೆ ಎರಡು ಬೆರಳಗಲದ ಪಟ್ಟಿ, ಅದರ ಕೆಳಗೆ ಅಪ್ಪ ಮಡಚಿಡುವ ಟವೆಲ್ಲು. ಸೊಂಟಕ್ಕೆ ಏನೂ ಇಲ್ಲ. ದಿನಕ್ಕೆ ಇಂಥವು ಹತ್ತು. ನಾನೋ, ಲ್ಯಾಪ್‌ಟಾಪ್ ಬ್ಯಾಗ್ ಭಾರ ಅಂತ ಫೋನಿನಲ್ಲಿ ಅಮ್ಮನ ಹತ್ತಿರ ಗೊಣಗುತ್ತಿದ್ದವಳು.

ಬೆಟ್ಟ ಹತ್ತಿ ಬಂದವಳೇ ಹೊಸ ಬ್ಯಾಗಿನ ಸೊಂಟದ ಪಟ್ಟಿ ಕತ್ತರಿಸಿದೆ. (ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ.) ಮೊದಲ ಸಲ ಹಗ್ಗದಲ್ಲಿ ಕಟ್ಟಿದ್ದು ಕೆಲಸಕ್ಕೆ ಬರಲಿಲ್ಲ. ಹಗ್ಗ ಸಡಿಲವಾಗಿ ಪಂಪು ಮತ್ತೆ ಭುಜಕ್ಕೇ ಜೋತುಬಿತ್ತು. ಚಿಕ್ಕಬಳ್ಳಾಪುರದಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ದಪ್ಪ ಚರ್ಮದ ತುಂಡು ಸೇರಿಸಿ, ಪಂಪಿನ ಬುಡಕ್ಕೇ ಬಿಗಿಯಾಗಿ ಕೂರಿಸಿಕೊಟ್ಟರು.

"ಇದೇನಮ್ಮ, ಮದುವೆ ಹೆಣ್ಣಿಗೆ ಡಾಬು ಕಟ್ಟಿದಂಗೆ!" ಅಂದರು ಅಪ್ಪ. ಅಮ್ಮ ಬಿಡುತ್ತಾರಾ? "ಅಪ್ಪನಿಗೆ ಡಾಬು, ನಾನು ಹುಲ್ಲು ಹೊರೋಕೆ ಅದೇ ಹಳೇ ಸಿಂಬೀನಾ?"

ಎರಡು ಸಾಲು ಮುಗಿಸಿ ಬಂದ ಅಪ್ಪ ಏನೂ ಹೇಳಲಿಲ್ಲ. ಆದರೆ ಟವೆಲ್ಲು ತಲೆಗೆ ಸುತ್ತಿಕೊಂಡಿದ್ದರು. ಪಟ್ಟಿಯ ಸ್ಪಂಜು ಔಷಧಿ ಹೀರುತ್ತೆ, ಪ್ರತಿ ಸಲ ಒಗೆಯಲೇಬೇಕು. ಆ ಕೆಲಸ ಅಮ್ಮನ ತಲೆಗೆ ಬಿತ್ತು, ಅದೊಂದು ಬೇಜಾರು.

ಜೋಮು ಕಮ್ಮಿಯಾಗಿದೆ, ಹೋಗಿಲ್ಲ. ಹತ್ತು ಲೀಟರಷ್ಟೇ ತುಂಬಿಸಿ ಅಂತ ಪ್ರತಿ ವಾರ ಫೋನಿನಲ್ಲಿ ಹೇಳುತ್ತೀನಿ.

"ಆಗ ಇನ್ನೂ ಆರು ಸಲ ತೊಟ್ಟಿ ಹತ್ರ ಓಡಾಡಬೇಕಲ್ಲಮ್ಮ. ನೀನು ಬರ್ತೀಯಾ?"

ಈ ಶನಿವಾರ ಹೋಗುತ್ತಿದ್ದೇನೆ.