ಬಾಯಾರಿಸಿದರೆ ಹೂವು

ಏಪ್ರಿಲ್ ಬೆಳಗಿನ ಆರು ಗಂಟೆ. ದೇವರ ಹಿಪ್ಪರಗಿಯಿಂದ ಇಂಡಿ ಸೀಮೆಯತ್ತ ಹೊರಟ ನೀವು ಡಾಂಬರು ಬಿಟ್ಟು ಬದುವಿಗೆ ಇಳಿದಿದ್ದೀರಿ. ಕಪ್ಪು ಎರಿ ಹೊಲ ಬಾಯಿಬಿಟ್ಟು ಮಲಗಿದೆ. ಬಿಳಿಜೋಳ ಮನೆ ಸೇರಿದೆ, ಕಣಕಿ ಬಣವಿ ಏರಿದೆ. ಎರಿ ಮುಗಿದು ಕಲ್ಲುಮಡ್ಡಿ ಶುರುವಾಗುವ ಕಡೆ ಮಾತ್ರ ಹಸಿರು. ಮೂರು ತಲೆಮಾರಿನಿಂದ ಒಂದೇ ಮನೆತನ ನೋಡಿಕೊಂಡು ಬಂದ ನಿಂಬೆ ತೋಟವದು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಮುಳ್ಳು, ಆಮೇಲೆ ಘಮ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟ ಹೆಂಗಸರು ರಾತ್ರಿ ಉದುರಿದ ಹಣ್ಣು ಆರಿಸುತ್ತಿದ್ದಾರೆ. "ಬಗ್ಗಿ ಬರ್ರಿ, ತಲಿಗೆ ಮುಳ್ಳ ಹತ್ತೀತು" ಎನ್ನುತ್ತಾಳೆ ಒಬ್ಬಾಕೆ. ನೆರಳಲ್ಲಿ ಅಜ್ಜ ಹಣ್ಣು ಬೇರ್ಪಡಿಸುತ್ತಿದ್ದಾನೆ. ಹಳದಿಯದು ಹತ್ತಿರದ ಸಂತೆಗೆ, ಹಸಿರು ದೂರದ ಪೇಟೆಗೆ, ಕಜ್ಜಿ ಹತ್ತಿದ್ದು ಉಪ್ಪಿನಕಾಯಿಗೆ. ಮಾರುವ ಲೆಕ್ಕ ಡಾಗಿನದು. ಒಂದು ಡಾಗೆಂದರೆ ಸಾವಿರ ಹಣ್ಣು.

"ನಿಮ್ಮ ಅಪ್ಪ ಹಚ್ಚಿದ ಗಿಡ ಏನ್ರಿ ಇವು?" ಎಂದು ಕೇಳಿ ನೋಡಿ. ಅಜ್ಜ ನಗುತ್ತಾನೆ. "ಅಪ್ಪನ ಗಿಡ ಹೋಗ್ಯಾವ್ರಿ. ಇವು ಅವುಗಳ ಬೀಜದ್ದು."

ಇಲ್ಲಿ ಬೆಳೆಯುವ ಕಾಗದಿ ನಿಂಬೆಯ ಗುಟ್ಟು ಇದೇ. ಮಾವಿನ ಗೊರಟೆ ನೆಟ್ಟರೆ ತಾಯಿಯ ರುಚಿ ಬರುವ ಭರವಸೆಯಿಲ್ಲ. ನಿಂಬೆಯ ಒಂದೇ ಬೀಜದಿಂದ ಎರಡು ಮೂರು ಸಸಿ ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಹಾಗಾಗಿ ಚಲೋ ಗಿಡದ ಪೂರ್ತಿ ಮಾಗಿದ ಹಣ್ಣಿನ ಬೀಜವನ್ನು ಒಣಗಲು ಬಿಡದೆ ಮಡಿಗೆ ಹಾಕುತ್ತಾರೆ. ಬೀಜದ ಗಿಡ ಫಲ ಕೊಡಲು ನಾಲ್ಕೈದು ವರ್ಷ ಬೇಕು. ಇಂದು ಊರಿದ್ದನ್ನು ಮುಂದಿನವರೇ ಹೆಚ್ಚು ಕಾಲ ಉಣ್ಣುತ್ತಾರೆ.

ಗಿಡಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿದೆ: ಬೇಕಾದ ಕಾಲಕ್ಕೆ ಹೂವು ಬರಿಸುವ ವಿದ್ಯೆ. ನಿಂಬೆಗೆ ವರ್ಷಕ್ಕೆ ಮೂರು ಹೂವಿನ ಕಾಲ, ಅಂದರೆ ಬಹಾರ. ಜನವರಿ-ಫೆಬ್ರವರಿಯಲ್ಲಿ ಬಿಟ್ಟ ಹೂವು ಮಳೆಗಾಲಕ್ಕೆ ಹಣ್ಣಾಗುತ್ತದೆ, ಆಗ ಕೇಳುವವರು ಕಡಿಮೆ. ದುಡ್ಡು ಇರುವುದು ಹಸ್ತ ಬಹಾರದಲ್ಲಿ: ಸೆಪ್ಟೆಂಬರ್-ಅಕ್ಟೋಬರಿನ ಹೂವು, ಬೇಸಿಗೆಯ ಹಣ್ಣು. ಆ ಹೂವು ಬರಬೇಕಾದರೆ ಮೊದಲು ಗಿಡವನ್ನು ಬಾಯಾರಿಸಬೇಕು. ನೀರು ನಿಲ್ಲಿಸಿ, ಎಲೆ ಬಾಡಿ ಒಂದಿಷ್ಟು ಉದುರುವವರೆಗೆ ಕಾದು, ಬುಡ ಸಡಿಲಿಸಿ, ತಿಪ್ಪಿಗೊಬ್ಬರ ಕೊಟ್ಟು, ಆಮೇಲೆ ಹದವಾಗಿ ನೀರು ಬಿಡಬೇಕು. ಎರಿ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ, ಗಿಡ ಬೇಗ ಬಾಡದು. ಮಡ್ಡಿಯ ಕಲ್ಲುನೆಲ ನೀರು ಬಸಿದುಬಿಡುತ್ತದೆ. ಜೋಳಕ್ಕೆ ಬೇಡವಾದ ನೆಲವೇ ನಿಂಬೆಗೆ ಒದಗಿತು.

"ನೀರ ಬಿಡೂದು ಯಾರರೆ ಮಾಡ್ತಾರ. ಬಂದ್ ಮಾಡಾಕ ಎದಿ ಬೇಕು," ಎನ್ನುತ್ತಾನೆ ಅಜ್ಜ. ನಡುವೆ ಮಳೆ ಬಂದರೆ ಹೂವಿನ ಲೆಕ್ಕ ತಪ್ಪಿತು. ಬಾಡಿಸಿದ್ದು ಹೆಚ್ಚಾದರೆ ಗಿಡವೇ ಹೋಯಿತು. ಬರ ಬಿದ್ದ ವರ್ಷ ಬೋರು ಬತ್ತಿದಾಗ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡ ಮನೆಗಳು ಈ ಭಾಗದಲ್ಲಿ ಎಷ್ಟೋ.

ಬೋರಿನ ಬಳಿ ಮೊಮ್ಮಗ ಕಾಯುತ್ತಿದ್ದಾನೆ. ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿದೆ, ಗಿಡಗಳನ್ನು ಎಣಿಸಿ ಹಂಚಿಕೊಂಡಿದ್ದಾರೆ, ನೀರು ಮಾತ್ರ ಪಾಳಿಯ ಮೇಲೆ. ಕರೆಂಟು ಬಂದಾಗ ಯಾರ ಪಾಳಿಯೋ ಅವರು ಓಡಬೇಕು. "ಕಾಕಾ, ನಿಮ್ಮದು ಮುಗೀತು, ಈಗ ನಮ್ಮದು!" ಎಂದು ಕೂಗಿ ಅವನು ವಾಲ್ವ್ ತಿರುಗಿಸುತ್ತಾನೆ. ಹನಿ ಪೈಪು ತೊಟ್ಟಿಕ್ಕತೊಡಗುತ್ತದೆ.

2023ರಲ್ಲಿ ಇಂಡಿ ನಿಂಬೆಗೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿತು. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಅಜ್ಜನ ತಕರಾರು ಒಂದೇ: "ಹೆಸರ ಬಂತು, ದರ ಬರಲಿ."

ಅವನ ಮಾತು ನ್ಯಾಯದ್ದು. ಬಿರುಬಿಸಿಲಲ್ಲಿ ನೀವು ಶರಬತ್ತಿಗೆ ಹಿಂಡುವ ನಿಂಬೆ, ಹಿಂದಿನ ಮಳೆಗಾಲದ ಕೊನೆಗೆ ಯಾರೋ ಎದೆ ಗಟ್ಟಿಮಾಡಿ ನೀರು ನಿಲ್ಲಿಸಿದ್ದರ ಫಲ. ಮುಂದಿನ ಸಲ ಸಂತೆಯಲ್ಲಿ ಚೌಕಾಸಿಗೆ ಇಳಿಯುವ ಮೊದಲು, ಹಣ್ಣು ಯಾವ ಊರಿನದೆಂದು ಒಮ್ಮೆ ಕೇಳಿ.